ಡಾಕ್ಟರ ಮುಂದೆ ಚೆನ್ನಾಗಿ ನಡೆದವರು

ಆ ಮಂಡಿಗೆ ಮೊದಲ ಸಲ ಖರ್ಚಾದದ್ದು ಒಂದು ಜೊತೆ ನಾಲ್ಕು ಹಲ್ಲಿನ ಹೋರಿಗಳ ಬೆಲೆ. ರೂಪಾಯಿಯಲ್ಲಿ ಹೇಳುವುದಿಲ್ಲ. ಇವತ್ತಿನವರು ಕೇಳಿದರೆ ‘ಅಷ್ಟೇನಾ’ ಎಂದು ನಗುತ್ತಾರೆ; ಆವತ್ತು ನಮ್ಮಲ್ಲಿ ನಕ್ಕವರು ಯಾರೂ ಇರಲಿಲ್ಲ. ಅದರಲ್ಲಿ ಹೆಚ್ಚಿನ ಪಾಲು ಆಪರೇಷನ್ ಮಾಡಿದ ಡಾಕ್ಟರಿಗೆ ಮತ್ತು ಅವರ ಕ್ಯಾಮೆರಾ ಯಂತ್ರಕ್ಕೆ. ಇನ್ನೊಂದು ಪಾಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಿದ ಡಾಕ್ಟರಿಗೆ. ಮಿಕ್ಕಿದ್ದು ರೂಮು, ಔಷಧಿ, ಊರುಗೋಲು. ಎರಡನೆಯ ಸಲ ಖರ್ಚಾದದ್ದು ಅದಕ್ಕಿಂತ ಜಾಸ್ತಿ, ಮತ್ತು ಅದು ಯಾವ ಯಂತ್ರಕ್ಕೂ ಅಲ್ಲ, ಒಂದು ಮಾತನ್ನು ಬಾಯಿಬಿಟ್ಟು ಹೇಳದೆ ಇದ್ದದ್ದಕ್ಕೆ. ಇದರ ಜೊತೆಗೆ ಆ ಮಂಡಿಯ ಒಡೆಯರಿಗೂ ನನಗೂ ಇದ್ದ ಮಾತುಕತೆಯೂ ಹೋಯಿತು. ಅದಕ್ಕೆ ಬೆಲೆ ಕಟ್ಟಬಲ್ಲವರು ಅವರೊಬ್ಬರೇ ಇದ್ದರು. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ.

ಅವರು ದನದ ದಲ್ಲಾಳಿ. ಗಾವಡಗೆರೆ ಕಡೆಯ ಒಂದು ಹಳ್ಳಿಯವರು. ಮನೆಯಲ್ಲಿ ತುಂಡು ಹೊಲ, ಕೊಟ್ಟಿಗೆಯಲ್ಲಿ ಸದಾ ಒಂದು ಜೊತೆ ಎತ್ತು ಇದ್ದವು. ಆದರೆ ಅವರ ಬದುಕೆಲ್ಲ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕಿನ ದನದ ಸಂತೆಗಳಲ್ಲಿ. ಸಂತೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಅವರಿಗಿಂತ ವಯಸ್ಸಾದವರೂ ‘ಅಣ್ಣ’ ಎನ್ನುತ್ತಿದ್ದರು. ಇಲ್ಲಿಯೂ ಹೆಸರು ಬೇಡ.

ನಾನಾಗ ಸಂತೆಯ ಅಂಚಿನಲ್ಲಿ ಗೋಣಿತಾಟು ಹಾಸಿ ಮೂಗುದಾರ, ಹುರಿಹಗ್ಗ, ಗೆಜ್ಜೆ ಮಾರುತ್ತಿದ್ದೆ. ಆಮೇಲೆ ಹುಣಸೂರಿನಲ್ಲಿ ಹಳೆಯ ಟಿಲ್ಲರು, ಟ್ರ್ಯಾಕ್ಟರು ಕೊಂಡು ಮಾರುವ ಮಟ್ಟಕ್ಕೆ ಬಂದೆ. ಅಪ್ಪನ ಆಸ್ತಿ ಇಟ್ಟುಕೊಂಡು ಬಂದವನಲ್ಲ. ಕೊಳ್ಳಲು ಬಂದವನ ಬಾಯಿ ಏನು ಹೇಳಿದರೂ ಕಾಲು ಯಾವ ಕಡೆಗೆ ತಿರುಗಿದೆ ನೋಡು, ಹೋಗುವ ಮನಸ್ಸಿದ್ದರೆ ಹೆಬ್ಬೆರಳು ಮೊದಲೇ ಹೊರಟಿರುತ್ತದೆ ಎಂದು ಹೇಳಿಕೊಟ್ಟವರು ಅವರು. ಆ ಒಂದು ಪಾಠದಲ್ಲಿ ನಾನು ಎರಡು ಅಂತಸ್ತಿನ ಮನೆ ಕಟ್ಟಿದ್ದೇನೆ.

ದನದ ಸಂತೆ ನೋಡದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ತನ್ನ ಹೆಗಲ ಟವೆಲನ್ನು ಇಬ್ಬರ ಕೈಮೇಲೆ ಹೊದೆಸುತ್ತಾನೆ. ಅದರ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕೇಳುವುದು, ಬೆರಳು ಬಿಟ್ಟು ಇಳಿಸುವುದು. ಮೇಲೆ ನಿಂತವರಿಗೆ ಬಟ್ಟೆ ಅಲುಗುವುದಷ್ಟೇ ಕಾಣುತ್ತದೆ. ಟವೆಲ್ ಹೊದೆಸಿದ ಮೇಲೆ ಮೂರನೆಯವನು ಮಾತಾಡಬಾರದು, ಬಟ್ಟೆ ಮುಟ್ಟಬಾರದು. ಇನ್ನೊಬ್ಬನ ಎತ್ತಿನ ಐಬನ್ನು ಕೊಳ್ಳುವವನ ಮುಂದೆ ಎತ್ತಿ ಆಡುವವನಿಗಂತೂ ಮರುವಾರ ಸಂತೆಯಲ್ಲಿ ನೀರು ಕೊಡುವವರೂ ಇರುತ್ತಿರಲಿಲ್ಲ.

ಅವರು ಮೋಸಗಾರರೇ? ನನ್ನನ್ನು ಬಹಳ ಜನ ಕೇಳಿದ್ದಾರೆ. ಒಮ್ಮೆ ರಾವಂದೂರಿನ ರೈತನೊಬ್ಬ ಎತ್ತಿನ ಬಾಯಿ ತೆರೆದು ಹಲ್ಲು ನೋಡಿದ, ಕೊಂಬು ಅಲ್ಲಾಡಿಸಿದ, ಸುಳಿ ನೋಡಿದ. ವ್ಯಾಪಾರ ಕುದುರುವಾಗ ಎದ್ದು ನಿಂತು, “ಅಣ್ಣ, ಇದು ಉಳುವಾಗ ಮಲಗ್ತದಾ?” ಎಂದ.

“ಮಲಗ್ತದೆ” ಎಂದರು ಅವರು.

ಎತ್ತಿನ ಒಡೆಯ ಬೆವತುಹೋದ. ರೈತ ಹಗ್ಗ ಬಿಟ್ಟು ಹೊರಟ. ಒಡೆಯ ಕೂಗಾಡಿದಾಗ ಅವರು ಎಲೆಅಡಿಕೆ ಉಗುಳಿ, “ಕೇಳ್ದ, ಹೇಳ್ದೆ. ಕೇಳ್ದೆ ಇದ್ರೆ ನನ್ ಬಾಯಿಂದ ಬತ್ತಿತ್ತಾ? ಕೇಳ್ದೋನ್ಗೆ ಸುಳ್ಳು ಹೇಳ್ಬಾರ್ದು, ಕೇಳ್ದೇ ಇರೋನ್ಗೆ ನಿಜ ಹೇಳ್ಬಾರ್ದು. ಬಾಯಿ ಬುಟ್ಟೋನು ಹಗ್ಗ ಬುಟ್ಟಂಗೆ ಕಣ್ಲಾ” ಎಂದರು.

ಇದು ಅವರ ಧರ್ಮ. ಇದರ ಆಚೆ ಈಚೆ ಅವರು ಒಂದು ಗೇಣೂ ಸರಿದದ್ದನ್ನು ನಾನು ಕಾಣೆ.

ಕುಂಟುವ ಎತ್ತನ್ನು ನಡೆಸುವ ವಿದ್ಯೆಯಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಅದನ್ನು ಗಟ್ಟಿ ನೆಲದ ಮೇಲೆ ನಡೆಸಬಾರದು, ಮೆತ್ತನೆಯ ಮಣ್ಣಿಗೆ ತರಬೇಕು. ಐಬಿನ ಕಾಲಿರುವ ಕಡೆಗೆ ಜೋಡಿ ಎತ್ತನ್ನು ಒತ್ತಿಕೊಂಡು ಬರಬೇಕು, ನೋಡುವವನ ಕಣ್ಣಿಗೆ ಆ ಕಾಲು ಬೀಳದ ಹಾಗೆ. ನಿಧಾನ ನಡೆದರೆ ಕುಂಟು ಕಾಣುತ್ತದೆ. ಬಾಲದ ಬುಡ ಮುಟ್ಟಿ ಬಿರುಸಾಗಿ ನಡೆಸಬೇಕು. ತಿರುಗಿಸುವುದು ಒಳ್ಳೆಯ ಕಾಲಿನ ಕಡೆಗೇ. ಅಷ್ಟೂ ಹೊತ್ತು ಮಾತು ನಿಲ್ಲಿಸಬಾರದು. ಅವರು ಹೀಗೆ ಮಾಡುತ್ತಿದ್ದರು. ಮಾಡುತ್ತಿರಲಿಲ್ಲ ಎಂದು ಸತ್ತವರ ಮೇಲಿನ ಮರ್ಯಾದೆಗೆ ನಾನು ಬರೆದರೆ ಸಂತೆಯವರು ನಗುತ್ತಾರೆ.

ಅವರ ಮಂಡಿ ಕೆಟ್ಟದ್ದೂ ಸಂತೆಯಲ್ಲೇ. ಕುಕ್ಕರುಗಾಲಲ್ಲಿ ಕೂತು ಒಂದು ಹೋರಿಯ ಹಿಂಗಾಲಿನ ಗೊರಸು ನೋಡುತ್ತಿದ್ದರು. ಹೋರಿ ತಟ್ಟನೆ ತಿರುಗಿತು. ಅವರ ಪಾದ ಇದ್ದಲ್ಲೇ ಇತ್ತು, ಮೈ ತಿರುಗಿತು, ಎಡಮಂಡಿಯಲ್ಲಿ ‘ಲಟಕ್’ ಎಂದಿತು. ಒಂದು ವಾರ ಊದಿಕೊಂಡು ಇಳಿಯಿತು. ಆಮೇಲೆ ಶುರುವಾದದ್ದು ಬೇರೆಯ ಕಾಟ. ಬಾಗಿಲಿಗೆ ಅಗುಳಿ ಬಿದ್ದ ಹಾಗೆ ಮಂಡಿ ಇದ್ದಕ್ಕಿದ್ದಂತೆ ಕಚ್ಚಿಕೊಳ್ಳುತ್ತಿತ್ತು. ಮಡಚಿದ್ದು ಮಡಚಿದಂತೆಯೇ ನಿಲ್ಲುತ್ತಿತ್ತು. ಸೊಪ್ಪು ಕಟ್ಟಿಸಿದರು. ಕೋಟೆ ಕಡೆಯ ನಾಟಿ ವೈದ್ಯರ ಹತ್ತಿರ ಎಳೆಸಿಕೊಂಡು ಬಂದರು. ಉದ್ದನೆಯ ಒಂದು ಬೆತ್ತ ಹಿಡಿದು ಅದೇ ಹೊಸ ಗತ್ತು ಎನ್ನುವ ಹಾಗೆ ಓಡಾಡಿದರು.

ಒಂದು ದಿನ ಪಿರಿಯಾಪಟ್ಟಣದಲ್ಲಿ ವ್ಯಾಪಾರದ ನಡುವೆ ಕೂತವರು ಏಳಲೇ ಇಲ್ಲ. ಕೊಳ್ಳುವವನು ಹಣ ಎಣಿಸಿ ಕೊಟ್ಟ, ಎತ್ತು ಹಿಡಿದುಕೊಂಡು ಹೋದ. ಇವರು ಕೂತಲ್ಲಿಂದಲೇ ಕೈಮುಗಿದು ಕಳಿಸಿದರು. ಅವನು ಕಣ್ಮರೆಯಾದ ಮೇಲೆ ನನ್ನನ್ನು ಕರೆದರು.

“ಲೇ, ಎತ್ತ್ಲಾ ನನ್ನ.”

“ಯಾಕಣ್ಣ, ಏನಾಯ್ತು?”

“ಏನೂ ಆಗಿಲ್ಲ. ಎತ್ತು ಅಷ್ಟೆ. ನಗ್ತಾ ನಗ್ತಾ ಎತ್ತು, ಜನ ನೋಡ್ತಾವ್ರೆ.”

ನಾನು ನಗುತ್ತಾ ಎತ್ತಿದೆ. ಅವರೂ ನಗುತ್ತಲೇ ನನ್ನ ತೋಳಿಗೆ ಉಗುರು ಊರಿದ್ದರು. ಮರದ ಬುಡಕ್ಕೆ ತಂದು ಕೂರಿಸಿದಾಗ ಹೇಳಿದರು: “ಕುಂಟೋ ದಲ್ಲಾಳಿ ಎತ್ತಿನ ಕಾಲು ನೆಟ್ಟಗದೆ ಅಂದ್ರೆ ಯಾರ್ ನಂಬ್ತಾರ್ಲಾ? ಚುಂಚನಕಟ್ಟೆಗೆ ಮುಂಚೆ ಇದನ್ನ ಏನಾರಾ ಮಾಡ್ಬೇಕು.”

ಚುಂಚನಕಟ್ಟೆಯಲ್ಲಿ ಸಂಕ್ರಾಂತಿ ಹೊತ್ತಿಗೆ ದನ ಸೇರುತ್ತವೆ. ಅವರ ವರ್ಷದ ಗಳಿಕೆಯಲ್ಲಿ ಅರ್ಧ ಅಲ್ಲಿ. ದುಡ್ಡಿಗಿಂತ ಹೆಚ್ಚಾಗಿ, ಅಲ್ಲಿ ನಡೆದಾಡಿದ ದಲ್ಲಾಳಿಗೆ ಮಾತ್ರ ಮಿಕ್ಕ ಸಂತೆಗಳಲ್ಲಿ ಬೆಲೆ.

ನಾನು ಮೈಸೂರಿಗೆ ಕರೆದುಕೊಂಡು ಹೋದೆ. ಅತ್ತಿಗೆಯೂ, ಎಂದರೆ ಅವರ ಹೆಂಡತಿಯೂ, ಬಂದರು. ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ಬಿಡಿಸಿ ಹೇಳುತ್ತಿದ್ದರು.

“ತೊಡೆ ಮೂಳೆಗೂ ಕೆಳಗಿನ ಮೂಳೆಗೂ ಮಧ್ಯೆ ಗಾದಿ ಥರ ಎರಡು ಬಿಲ್ಲೆ ಇರುತ್ತೆ ಯಜಮಾನ್ರೇ. ನಿಮ್ಮದರಲ್ಲಿ ಒಂದು ಹರಿದಿದೆ. ಹರಿದ ತುಂಡು ಮಡಚ್ಕೊಂಡು ಕೀಲಿನಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಅದಕ್ಕೇ ಮಂಡಿ ಕಚ್ಚಿಕೊಳ್ಳೋದು.”

“ಸೀಳ್ತೀರಾ ಸ್ವಾಮಿ?”

“ಉದ್ದಕ್ಕೆ ಸೀಳೋಲ್ಲ. ಎರಡು ಸಣ್ಣ ತೂತು ಮಾಡ್ತೀವಿ. ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಕತ್ತರಿ. ಹರಿದದ್ದನ್ನ ಟ್ರಿಮ್ ಮಾಡಿ ತೆಗೀತೀವಿ. ಮಾರನೇ ದಿನ ಮನೆಗೆ.”

ಖರ್ಚಿನ ಮಾತು ಬಂತು. ಅವರು ಹೆಗಲಿನ ಟವೆಲ್ ತೆಗೆದು ಮೇಜಿನ ಮೇಲಿದ್ದ ಡಾಕ್ಟರ ಕೈಮೇಲೆ ಹಾಸಿ ಅದರಡಿಗೆ ತಮ್ಮ ಕೈ ತೂರಿಸಿಬಿಟ್ಟರು. ಡಾಕ್ಟರು ಬೆಚ್ಚಿ, “ಏನ್ ಯಜಮಾನ್ರೇ, ಭವಿಷ್ಯ ಹೇಳ್ತೀರಾ?” ಎಂದರು. ನಾನು ಬಿಡಿಸಿ ಹೇಳಿದೆ. ಡಾಕ್ಟರು ಜೋರಾಗಿ ನಕ್ಕು, “ಹಾಗಾದ್ರೆ ಯಾವ ಬೆರಳು ಹಿಡಿದ್ರೆ ಎಷ್ಟು, ಹೇಳಿಕೊಡಿ” ಎಂದು ಕೈ ಅಲ್ಲೇ ಇಟ್ಟರು.

“ಹೇಳ್ಕೊಟ್ಟು ವ್ಯಾಪಾರ ಮಾಡಕಾಯ್ತದಾ ಸ್ವಾಮಿ?” ಎಂದು ಇವರು ಟವೆಲ್ ಎಳೆದುಕೊಂಡು ಹೆಗಲಿಗೆ ಹಾಕಿಕೊಂಡರು. ಮುಖದಲ್ಲಿ ನಗುವಿರಲಿಲ್ಲ. ಕೈಭಾಷೆ ಗೊತ್ತಿಲ್ಲದ ಮನುಷ್ಯನನ್ನು ಅವರು ಆ ಗಳಿಗೆಯಿಂದ ಎದುರಾಳಿಯ ಲೆಕ್ಕಕ್ಕೆ ಸೇರಿಸಿದರು ಅಂತ ನನಗೆ ಈಗ ಅನ್ನಿಸುತ್ತದೆ.

ಆಪರೇಷನ್ ಆಗುವಾಗ ಅವರಿಗೆ ಎಚ್ಚರವಿತ್ತು, ಟಿ.ವಿ.ಯಲ್ಲಿ ತಮ್ಮ ಮಂಡಿಯ ಒಳಗನ್ನೇ ನೋಡಿದರಂತೆ. ಹೊರಗೆ ಬಂದ ಮೇಲೆ ಅದನ್ನು ವರ್ಣಿಸಿದ್ದು ಹೀಗೆ: “ಎಳನೀರ್ ಒಳ್ಗೆ ಗಂಜಿ ತೇಲ್ದಂಗೆ ಬೆಳ್ಳುಗೆ ಏನೋ ಆಡ್ತಿತ್ತು ಕಣ್ಲಾ. ಒಂದ್ ಸಣ್ಣ ಇಕ್ಳ ಬಂದು ಕಚ್ ಅಂತ ಕಚ್ಚಿ ಎಳೀತು. ನಂದು ಅಂತ ಗೊತ್ತು, ಆದ್ರೂ ನಂದಲ್ಲ ಅನ್ನಂಗದೆ.”

ಮಾರನೆಯ ದಿನ ಹೊರಡುವ ಮುಂಚೆ ವ್ಯಾಯಾಮ ಹೇಳಿಕೊಡುವ ಹುಡುಗಿ ಬಂದಳು. ತೊಡೆ ಬಿಗಿ ಹಿಡಿದು ಬಿಡುವುದು, ಮಂಡಿ ಮಡಚದೆ ಕಾಲು ನೆಟ್ಟಗೆ ಎತ್ತುವುದು, ಪಾದವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರುವುದು. ನಾನು ಗಾಡಿ ತರಲು ಕೆಳಗಿಳಿದಾಗ ಡಾಕ್ಟರು ಗಂಡ ಹೆಂಡತಿ ಇಬ್ಬರಿಗೂ ಇನ್ನೊಂದು ಮಾತು ಹೇಳಿದ್ದರು. ಅದು ನನಗೆ ಗೊತ್ತಾದದ್ದು ಆಮೇಲೆ.

ಊರಲ್ಲಿ ಅವರನ್ನು ನೋಡಲು ಬಂದವರೆಲ್ಲ ಪಟ್ಟಿಯ ಅಂಚು ಇಣುಕಿ, “ಇಷ್ಟೇಯಾ? ಸೊಳ್ಳೆ ಕಚ್ದಂಗದೆ. ಇದುಕ್ಕಾ ಒಂದ್ ಜೊತೆ ಓರಿ ಕೊಟ್ಟೆ?” ಎನ್ನುತ್ತಿದ್ದರು. ಎದೆಯುದ್ದ ಗಾಯ ಇದ್ದಿದ್ದರೆ ಜನ ಸುಮ್ಮನೆ ಹಣ್ಣು ಇಟ್ಟು ಹೋಗುತ್ತಿದ್ದರು. ತೂತು ಚಿಕ್ಕದಾದಷ್ಟೂ ರೋಗಿಗೆ ಮರ್ಯಾದೆ ಕಡಿಮೆ. ಅವರಿಗೆ ಅದು ಚುಚ್ಚಿತು. ವ್ಯಾಯಾಮ ಮಾಡಿ ಅಣ್ಣ ಎಂದರೆ, “ನಾಯಿ ಕಾಲೆತ್ತಿದಂಗೆ ಎತ್ತಾಕಾಯ್ತದಾ, ಬಂದೋರ ಮುಂದೆ?” ಎನ್ನುತ್ತಿದ್ದರು. ಕಾಲು ಮುರಿದ ಕರುವನ್ನು ಅಲುಗದ ಹಾಗೆ ಕಟ್ಟಿ ಮಲಗಿಸುವುದು ಅವರಿಗೆ ಗೊತ್ತಿದ್ದ ಚಿಕಿತ್ಸೆ. ತಮ್ಮ ಕಾಲನ್ನೂ ಹಾಗೆಯೇ ಮಂಡಿಯ ಕೆಳಗೆ ಕಂಬಳಿ ಮಡಿಸಿಟ್ಟು ಮಲಗಿಸಿದರು. ಹೊದಿಕೆಯ ಕೆಳಗೆ ಪಾದವನ್ನೂ ಆಡಿಸಲಿಲ್ಲ. ಬೀಡಿ ಮಾತ್ರ ನಿಲ್ಲಲಿಲ್ಲ.

ಹೊಲಿಗೆ ಬಿಚ್ಚಿಸುವ ದಿನ ಅತ್ತಿಗೆಯೂ ಸೇರಿ ಮೂವರೂ ನನ್ನ ಗಾಡಿಯಲ್ಲೇ ಹೊರಟೆವು. ದಾರಿಯಲ್ಲಿ, “ಬರೋವಾಗ ಹುಣಸೂರಲ್ಲಿ ಆ ನರ ನೀವೋನ ಮನೆ ತಾವ ಒಂಚೂರು ನಿಲ್ಸು” ಎಂದರು. “ಯಾಕಣ್ಣ?” ಎಂದೆ. “ಮಲ್ಗಿ ಮಲ್ಗಿ ಕಾಲು ಬಿಗ್ದದೆ” ಎಂದರು. ಮಲಗಿದವರ ಕಾಲು ಬಿಗಿಯದೆ ಇರುತ್ತದೆಯೇ? ನಾನು ಆಯಿತು ಎಂದೆ.

ಆಸ್ಪತ್ರೆಯ ಮುಂದೆ ಇಳಿದವರು ಊರುಗೋಲನ್ನು ಗಾಡಿಯಲ್ಲೇ ಬಿಟ್ಟರು. “ನೀನು ಈ ಕಡೆ ಬಾ” ಎಂದು ನನ್ನನ್ನು ಎಡಗಡೆಗೆ ತಂದುಕೊಂಡು ಹೆಗಲ ಮೇಲೆ ಕೈ ಹಾಕಿದರು. ಡಾಕ್ಟರ ಕೋಣೆಯ ಬಾಗಿಲು ದಾಟಿದ್ದೇ ತಡ ಬಿರುಸಾಗಿ ಹೆಜ್ಜೆ ಹಾಕಿದರು. ಬಾಯಲ್ಲಿ ಶುಂಠಿ ಬೆಲೆ ಬಿದ್ದದ್ದು, ಮಳೆ ಬಾರದ್ದು, ಡಾಕ್ಟರ ಗೋಡೆಯ ಹೊಸ ಕ್ಯಾಲೆಂಡರು. ಮೇಜಿನ ಹತ್ತಿರ ಬಲಗಡೆಗೆ ತಿರುಗಿ ಮಂಚದ ಮೇಲೆ ಕೂತೇಬಿಟ್ಟರು.

“ಭೇಷ್! ಚೆನ್ನಾಗಿ ನಡೀತಿದ್ದೀರಲ್ಲ ಯಜಮಾನ್ರೇ” ಎಂದರು ಡಾಕ್ಟರು.

ಜೋಡಿ ಎತ್ತಿನ ಹಾಗೆ ಅವರ ಐಬಿನ ಕಡೆಗೆ ಒತ್ತಿಕೊಂಡು ಬಂದವನು ನಾನೇ ಎಂದು ಆಗ ಹೊಳೆಯಿತು.

ಅವರು ಮಲಗಿ, ಪಂಚೆಯನ್ನು ಮಂಡಿ ಕಾಣುವಷ್ಟು ಸರಿಸಿ, ಅದರಿಂದ ಕೆಳಗೆ ಪಾದದವರೆಗೆ ತಮ್ಮ ಟವೆಲ್ ಹೊದ್ದುಕೊಂಡರು. ನರ್ಸು ಹೊಲಿಗೆ ಬಿಚ್ಚಿದಳು. ಹೊರಗೆ ರೋಗಿಗಳ ಸಾಲಿತ್ತು.

“ನೋವಿದೆಯಾ?”

“ಮಂಡೀಲಿ ನೋವಿಲ್ಲ ಸ್ವಾಮಿ.”

“ವ್ಯಾಯಾಮ ಮಾಡ್ತಿದ್ದೀರಾ?”

“ಆ ಹೆಣ್ಮಗು ಚೆನ್ನಾಗಿ ಹೇಳ್ಕೊಟ್ಟವ್ಳೆ.”

ಒಂದೂ ಸುಳ್ಳಲ್ಲ. ಡಾಕ್ಟರು ತಲೆಯಾಡಿಸಿ ಚೀಟಿ ಬರೆಯತೊಡಗಿದರು. ನಾನು ಅತ್ತಿಗೆಯನ್ನು ನೋಡಿದೆ. ಐಬು ಎಲ್ಲಿದೆ ಎಂದು ತಿಳಿಯಬೇಕಾದರೆ ಎತ್ತನ್ನು ನೋಡಬೇಡ, ಎತ್ತಿನ ಜೊತೆ ಬಂದ ಮನೆಯವರು ಎಲ್ಲಿ ನೋಡುತ್ತಿದ್ದಾರೆ ಅದನ್ನು ನೋಡು. ಇದೂ ಅವರೇ ಹೇಳಿಕೊಟ್ಟದ್ದು. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಆ ಟವೆಲನ್ನೇ ನೋಡುತ್ತಿದ್ದರು.

ನಾನು ಹೋಗಿ ಟವೆಲ್ ಎಳೆದೆ.

ಮೀನಖಂಡ ಊದಿ ಬಲಗಾಲಿನ ಒಂದೂವರೆಯಷ್ಟಾಗಿತ್ತು. ಚರ್ಮ ಬಿಗಿದು ಎಣ್ಣೆಯಲ್ಲಿ ಹೊಳೆಯುತ್ತಿತ್ತು. “ಸಾರ್, ಇದನ್ನ ನೋಡಿ” ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟು ಬಂದು ಒತ್ತಿದರು. ಅವರು ಚೀರಲಿಲ್ಲ. ಕಾಲಿನ ಹೆಬ್ಬೆರಳು ಮಾತ್ರ ಒಳಕ್ಕೆ ಮುದುಡಿತು.

“ಎಷ್ಟು ದಿನದಿಂದ ಇದೆ ಇದು?” ಡಾಕ್ಟರ ದನಿ ಬದಲಾಗಿತ್ತು.

ಅವರು ಸೂರು ನೋಡುತ್ತಿದ್ದರು. ಅತ್ತಿಗೆ ಬಾಯಿಬಿಟ್ಟರು. “ನಾಕೈದು ದಿನ ಆಯ್ತು ಸ್ವಾಮಿ. ನೀವು ತಿಕ್ಬ್ಯಾಡಿ, ಊದಿದ್ರೆ ಬನ್ನಿ ಅಂದಿದ್ರಿ. ಇವ್ರು ಎಣ್ಣೆ ಕಾಯ್ಸಿ ತಿಕ್ಕು ಅಂದ್ರು. ತಿಕ್ದೆ.”

“ಅಮ್ಮಾ, ಇನ್ನು ಮುಟ್ಟಬೇಡಿ. ಯಜಮಾನ್ರೇ, ಏಳಬೇಡಿ, ಹಾಗೇ ಮಲಗಿರಿ.”

ಸ್ಟ್ರೆಚರ್ ಬಂತು, ಸ್ಕ್ಯಾನಿಂಗ್ ಆಯಿತು. ಕಾಲಿನ ಒಳಗಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಪರೇಷನ್ ಆದ ಕಾಲನ್ನು ಆಡಿಸದೆ ಮಲಗಿದವರಿಗೆ ಕೆಲವೊಮ್ಮೆ ಹೀಗಾಗುತ್ತದೆ ಎಂದರು ಡಾಕ್ಟರು. ಹೆಪ್ಪಿನ ತುಂಡು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಕೂತಲ್ಲೇ ಪ್ರಾಣ ಹೋಗಬಹುದು, ನೀವಿದರೆ ಆ ಅಪಾಯ ಇನ್ನೂ ಹೆಚ್ಚು ಎಂದೂ ಹೇಳಿದರು. ಹುಣಸೂರಿನ ಆ ನೀವುವವನ ಮನೆ ನನ್ನ ಕಣ್ಣಮುಂದೆ ಬಂತು.

ಒಳಕ್ಕೆ ತಳ್ಳಿಕೊಂಡು ಹೋಗುವಾಗ ಅವರು ನನ್ನ ಕಡೆ ತಿರುಗಿದರು. ಸಿಟ್ಟಿನಲ್ಲಿ ಅಲ್ಲ, ಆಶ್ಚರ್ಯದಲ್ಲಿ ಕೇಳಿದರು: “ಹೊದ್ಸಿದ್ದ ಬಟ್ಟೆ ಎಳೆದ್ಬುಟ್ಯಲ್ಲೋ?”

ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ನು, ರಕ್ತ ತೆಳುವಾಗಿಸುವ ಮಾತ್ರೆ, ಮತ್ತೆ ಮತ್ತೆ ರಕ್ತ ಪರೀಕ್ಷೆ, ಬಿಗಿಯಾದ ಉದ್ದನೆಯ ಕಾಲುಚೀಲ. ಆ ವರ್ಷ ಚುಂಚನಕಟ್ಟೆಗೆ ಹೋಗಲಿಲ್ಲ. ಬೇಸಗೆಯಲ್ಲಿ ಸಂತೆಗೆ ಬಂದಾಗ ಮಂಡಿ ಚೆನ್ನಾಗಿತ್ತು, ಒಮ್ಮೆಯೂ ಕಚ್ಚಿಕೊಳ್ಳಲಿಲ್ಲ. ಆದರೆ ಎಡಗಾಲು ಸಂಜೆಯಾದರೆ ದಪ್ಪವಾಗುತ್ತಿತ್ತು. ಬೆತ್ತ ಈಗ ಗತ್ತಿಗಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಸಂತೆಯಲ್ಲಿ ಸುದ್ದಿ ಅವರಿಗಿಂತ ಮುಂಚೆ ಬಂದಿತ್ತು. ಪಡ್ಡೆ ಹುಡುಗನೊಬ್ಬ, “ಅಣ್ಣ, ಡಾಕ್ಟ್ರು ಹಲ್ಲು ನೋಡುದ್ರಾ?” ಎಂದು ನಕ್ಕ. ಅವರು ಬೆತ್ತ ಊರಿಕೊಂಡು ಮುಂದೆ ಹೋದರು.

ನಾನು ಹತ್ತಿರ ಹೋದೆ. “ಕಾಫಿ ಕುಡಿಯಾಣ ಬನ್ನಿ ಅಣ್ಣ.”

“ನೀನು ಕುಡಿಯಪ್ಪ.” ಅವರು ನನ್ನನ್ನು ‘ಲೇ’ ಎನ್ನುವುದನ್ನು ಬಿಟ್ಟು ‘ಅಪ್ಪ’ ಎಂದರು. ಅಲ್ಲಿಗೆ ನನಗೆ ತಿಳಿಯಿತು.

“ಪ್ರಾಣ ಉಳೀಲಿಲ್ವಾ ಅಣ್ಣ?”

“ಓಯ್ತಿತ್ತು ಅಂತ ಆ ಡಾಕ್ಟ್ರು ಹೇಳ್ತಾನೆ. ಓಗ್ದೇ ಇರೋ ಪ್ರಾಣನ ಓಯ್ತಿತ್ತು ಅಂತ ನಾನ್ ಎಂಗೆ ನಂಬ್ಲಿ? ನಾನ್ ಕಣ್ಣಲ್ಲಿ ಕಂಡಿದ್ದು ಒಂದೇಯ. ನನ್ ಐಬನ್ನ ನನ್ ಮನೆಯೋನೇ ತೆಗ್ದು ತೋರ್ಸ್ದ.”

ವ್ಯಾಪಾರದಲ್ಲಿ ಲಾಭ ಕಂಡವನಿಗೆ ಲಾಭ ತೋರಿಸಬಹುದು. ಬರದೆ ಹೋದ ನಷ್ಟವನ್ನು ಯಾವ ತಕ್ಕಡಿಯಲ್ಲಿಟ್ಟು ತೋರಿಸುವುದು?

ಆಮೇಲೆ ಅವರು ಬದುಕಿದ ವರ್ಷಗಳಲ್ಲಿ ನನಗೆ ಕೆಡುಕು ಮಾಡಲಿಲ್ಲ. ಟಿಲ್ಲರು ಬೇಕೆಂದವರನ್ನು ನನ್ನ ಅಂಗಡಿಗೇ ಕಳಿಸುತ್ತಿದ್ದರು. ನನ್ನ ಮಗಳ ಮದುವೆಗೆ ಬಂದು ಉಂಡು, ಮುಯ್ಯಿ ಕೊಟ್ಟು, ಹುಡುಗಿಯ ತಲೆ ಮುಟ್ಟಿ ಹರಸಿ ಹೋದರು. ನನ್ನ ಜೊತೆ ಮಾತ್ರ ಮಾತಿಲ್ಲ. ಕೋಳಿಯಿಂದ ಟ್ರ್ಯಾಕ್ಟರಿನವರೆಗೆ ನಾನು ಕುದುರಿಸದ ವ್ಯಾಪಾರವಿಲ್ಲ. ಇದೊಂದು ಕುದುರಲಿಲ್ಲ. ನಾನು ಮಾಡಿದ್ದು ಸರಿ. ಇವತ್ತು ಅದೇ ಕೋಣೆಯಲ್ಲಿ ನಿಲ್ಲಿಸಿದರೂ ಎಳೆಯುತ್ತೇನೆ. ಆದರೂ ಸರಿ ಮಾಡಿದವನ ನಿದ್ದೆ ನನಗೆ ಬಂದಿಲ್ಲ.

ಅವರು ತೀರಿಕೊಂಡದ್ದು ಕಾಲಿನಿಂದಲ್ಲ, ವಯಸ್ಸಿನ ಬೇರೆ ಕಾಯಿಲೆಯಿಂದ. ಸಮಾಧಿಗೆ ಹಾಲುತುಪ್ಪ ಬಿಡುವ ದಿನ ಹೋಗಿದ್ದೆ. ಜನ ಊಟಕ್ಕೆ ಎದ್ದ ಮೇಲೆ ಅತ್ತಿಗೆ ನನ್ನನ್ನು ಹಿತ್ತಿಲ ಕಡೆಗೆ ಕರೆದರು.

“ಅವತ್ತು ನಾನ್ ಹೇಳ್ಬೇಕಿತ್ತು ಕಣಪ್ಪ. ಡಾಕ್ಟ್ರು ಹೇಳಿದ್ದನ್ನ ಕೇಳ್ಸ್ಕೊಂಡಿದ್ದೋಳು ನಾನು. ಬಾಯಿ ತುದೀಗೆ ಬಂದಿತ್ತು.”

“ಬುಡಿ ಅತ್ತಿಗೆ, ಯಾರಾದ್ರೇನು.”

“ಯಾರಾದ್ರೇನು ಅಂದ್ರೆ ಎಂಗೆ? ಸಾಯೋಗಂಟ ಅವ್ರು ಆ ಸಿಟ್ಟ ಬುಡ್ನಿಲ್ಲ. ನಿನ್ ಮ್ಯಾಲೆ ಆಯ್ತು, ನೀನು ನಿನ್ ಮನೇಲಿದ್ದೆ. ನನ್ ಮ್ಯಾಲೆ ಆಗಿದ್ರೆ, ಒಂದೇ ಸೂರಡಿ ಇಷ್ಟ್ ವರ್ಸ ನಾನ್ ಎಂಗ್ ಬಾಳ್ಬೇಕಿತ್ತು ಹೇಳು?”

ನನಗೆ ಅಲ್ಲಿಯವರೆಗೆ ಹೊಳೆಯದ ಲೆಕ್ಕ ಅದು. ಹೆಂಡತಿ ಸುಮ್ಮನಿದ್ದದ್ದು ತಿಳಿಯದೆ ಅಲ್ಲ, ತಿಳಿದೇ.

ಇಷ್ಟನ್ನೂ ನಾನು ಬರೆದದ್ದು, ಮಂಡಿ ಆಪರೇಷನ್ ಎಂದು ನನ್ನ ಅಂಗಡಿಗೆ ಬಂದು ಸಲಹೆ ಕೇಳುವವರು ಈಗ ಹೆಚ್ಚಾಗಿರುವುದರಿಂದ. ಕೇಳಿದರೆ ಹೇಳುವವನು ನಾನು, ಕೇಳದಿದ್ದರೂ ಹೇಳುತ್ತೇನೆ. ಡಾಕ್ಟರ ಕೈಚಳಕದಲ್ಲಿ ಚೌಕಾಸಿ ಬೇಡ, ರೂಮಿನ ಬಾಡಿಗೆಯಲ್ಲಿ ಮಾಡಿ. ಮರಗಟ್ಟಿಸುವ ಡಾಕ್ಟರ ಫೀಜು, ಔಷಧಿ, ಆಮೇಲಿನ ಭೇಟಿ ಎಲ್ಲ ಸೇರಿ ಎಷ್ಟು ಎಂದು ಮೊದಲೇ ಬಾಯಿಬಿಟ್ಟು ಕೇಳಿ. ನೀವು ನುಂಗುವ ಮಾತ್ರೆ, ಸೇದುವ ಬೀಡಿ, ಹಿಂದೆ ಕಾಲು ಊದಿದ್ದು, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದು, ಇವನ್ನು ಅವರು ಕೇಳದಿದ್ದರೂ ಹೇಳಿ. ತೂತು ಸಣ್ಣದೆಂದು ಒಳಗಿನ ಗಾಯ ಸಣ್ಣದಲ್ಲ. ನೋಡಲು ಬಂದವರು ಏನಾದರೂ ಅಂದುಕೊಳ್ಳಲಿ, ಅವರ ಮುಂದೆಯೇ ಕಾಲೆತ್ತಿ. ಮಂಡಿಯ ಕೆಳಗೆ ದಿಂಬು, ಕಂಬಳಿ ಇಟ್ಟು ಮಡಚಿ ಮಲಗಿಸಬೇಡಿ, ನೆಟ್ಟಗೆ ಇರಲಿ. ಪಾದ ಆಡಿಸುತ್ತಿರಿ. ಕುಕ್ಕರುಗಾಲು, ಚಕ್ಕಳಮಕ್ಕಳ ಡಾಕ್ಟರು ಹೇಳುವವರೆಗೆ ಬೇಡ. ಪಾಯಿಖಾನೆಗೆ ನಡುವೆ ಕೊಯ್ದ ಕುರ್ಚಿಯೊಂದನ್ನು ಆಪರೇಷನ್‌ಗೆ ಮುಂಚೆಯೇ ತಂದಿಟ್ಟುಕೊಳ್ಳಿ. ಜ್ವರ ಬಂದರೆ, ತೂತಿನಲ್ಲಿ ಕೀವು ಕಂಡರೆ, ಮಂಡಿ ಬಿಸಿಯೇರಿ ಕೆಂಪಾದರೆ ಕಾಯಬೇಡಿ. ಮೀನಖಂಡ ಒಂದು ಕಡೆ ಊದಿ ನೋಯುತ್ತಿದ್ದರೆ ಎಣ್ಣೆ ಬೇಡ, ನೀವುವುದು ಬೇಡ, ಆವತ್ತೇ ಆಸ್ಪತ್ರೆ. ಉಸಿರು ಸಿಕ್ಕಿಕೊಂಡರೆ, ಎದೆ ನೋವು ಬಂದರೆ ಆ ಗಳಿಗೆಯೇ.

ಡಾಕ್ಟರ ಮುಂದೆ ಚೆನ್ನಾಗಿ ನಡೆದು ತೋರಿಸಬೇಡಿ. ನಿಮ್ಮ ಮನೆಯಲ್ಲಿ ಹೇಗೆ ನಡೆಯುತ್ತೀರೋ ಹಾಗೆ ನಡೆಯಿರಿ. ಅವರು ನಿಮ್ಮನ್ನು ಕೊಳ್ಳಲು ಕೂತಿಲ್ಲ.

ಇನ್ನೊಂದು. ಆಸ್ಪತ್ರೆಗೆ ಹೊರಡುವಾಗ ನಿಮಗೆ ಹೆದರದ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅದು ಹೆಂಡತಿಯೇ ಆದರೆ, ಹೊಸಲು ದಾಟುವ ಮುಂಚೆ ಆಕೆಗೆ ಹೇಳಿ: “ನಾನು ಮುಚ್ಚಿಟ್ಟರೆ ನೀನು ಹೇಳಿಬಿಡು. ಮನೆಗೆ ಬಂದ ಮೇಲೆ ನಾನು ಒಂದು ಮಾತೂ ಅನ್ನುವುದಿಲ್ಲ.” ಆ ಮಾತು ಕೊಟ್ಟ ಮೇಲೆ, ಮನೆಗೆ ಬಂದು ಅನ್ನಬೇಡಿ.